ಹಾಟ್ ಪ್ರೆಸ್ಸಿನಲ್ಲಿ ಬೋರ್ಡೋ

ಪಕ್ಕದ ಮನೆಯ ಐರಿಷ್ ಅಜ್ಜಿ ಕಾರ್ಕ್ ನಗರದ ನಮ್ಮ ಡಗ್ಲಸ್ ಬಡಾವಣೆ ಬಿಟ್ಟು ದೂರದ ಗಾಲ್ವೇಯಲ್ಲಿರುವ ಮಗನ ಮನೆಗೆ ಹೊರಟಿದ್ದಾರೆಂದು ಗೊತ್ತಾದಾಗ ನನಗೆ ನಿಜವಾಗಿಯೂ ಸಂಕಟವಾಯಿತು. ಹೆಂಡತಿಗೆ ಕಾರ್ಕ್‌ನ ಆಸ್ಪತ್ರೆಯಲ್ಲಿ ಡ್ಯೂಟಿ, ನನಗೆ ಮುಗಿಯದ ಮೀಟಿಂಗುಗಳು. ಹೀಗಾಗಿ ಮಗಳು ಶಾಲೆಯಿಂದ ಹೋಗುತ್ತಿದ್ದುದೇ ಅಜ್ಜಿಯ ಮನೆಗೆ. ಅದಕ್ಕೆ ಪ್ರತಿಯಾಗಿ ಅವರು ನಮ್ಮಿಂದ ಏನನ್ನೂ ತೆಗೆದುಕೊಂಡವರಲ್ಲ. ದೀಪಾವಳಿಗೆ ಕೊಟ್ಟ ಮೈಸೂರುಪಾಕಿನ ಡಬ್ಬಿ ಸಹ ಮರುದಿನವೇ ಕೇಕ್ ತುಂಬಿಕೊಂಡು ವಾಪಸ್ ಬರುತ್ತಿತ್ತು. ಹೋಗುವ ಮುಂಚೆ ಒಂದು ಸಲವಾದರೂ ಅವರಿಗೆ ಇಷ್ಟವಾದದ್ದನ್ನು ನಮ್ಮ ಮನೆಯಲ್ಲಿ ಕೊಡಬೇಕೆಂದು ನಾನು ಹಟ ಹಿಡಿದೆ. ಇಷ್ಟವಾದದ್ದು ಅಂದರೆ ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನು.

ಮೈಸೂರಿನ ನಮ್ಮ ಮನೆಯಲ್ಲಿ ಕಾಫಿಗಿಂತ ಗಟ್ಟಿಯಾದದ್ದನ್ನು ಯಾರೂ ಕುಡಿದಿರಲಿಲ್ಲ. ವೈನ್ ಅಂಗಡಿಯ ಮೇಲಿನ ಸಾಲಿನ ಬೆಲೆ ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಂಗಡಿಯವನು ನಕ್ಕು, ಹೆಸರಾಂತ ಊರುಗಳನ್ನು ಬಿಡು, ಅವುಗಳ ಪಕ್ಕದ ಊರಿನ ವೈನ್ ತಗೋ, ಮಣ್ಣು ಹೆಚ್ಚುಕಡಿಮೆ ಅದೇ, ಬೆಲೆ ಮಾತ್ರ ಅರ್ಧ ಎಂದ. ಇದು ನನಗೆ ತಕ್ಷಣ ಅರ್ಥವಾಯಿತು. ನಂಜನಗೂಡು ರಸಬಾಳೆ ಎಂದು ಕೂಗಿದರೆ ಒಂದು ರೇಟು, ಪಕ್ಕದ ಹಳ್ಳಿಯ ಹೆಸರು ಹೇಳಿದರೆ ಇನ್ನೊಂದು ರೇಟು, ಅಷ್ಟೇ ತಾನೆ! ಅವನು ಕೊಟ್ಟ ಒಂದು ಗುಟುಕು ರುಚಿ ನೋಡಿದೆ. ಚೆನ್ನಾಗಿ ಒಗರಾಗಿತ್ತು, ಎಳೆ ಅಡಿಕೆ ಅಗಿದ ಹಾಗೆ. ಲೋಕವನ್ನೇ ಗೆದ್ದವನ ಗತ್ತಿನಲ್ಲಿ ಬಾಟ್ಲಿ ಹಿಡಿದು ಹೊರಟೆ. ಅಜ್ಜಿ ಬರುವ ಶನಿವಾರದವರೆಗೆ ಅದನ್ನು ಬೆಳಕು ಬೀಳದ ಪ್ರೆಸ್ಸಿನಲ್ಲಿ ಮಲಗಿಸಿಡು ಎಂದು ಅವನು ಬಾಗಿಲವರೆಗೂ ಬಂದು ಹೇಳಿದ.

ಐರ್ಲೆಂಡಿನಲ್ಲಿ ಬೀರುವಿಗೆ ಪ್ರೆಸ್ ಅನ್ನುತ್ತಾರೆ. ಅಡುಗೆಮನೆಯ ಪ್ರೆಸ್ ತೆರೆಯುತ್ತಿದ್ದಂತೆ ಹೆಂಡತಿ, "ರೀ, ದೇವರ ಪಕ್ಕ ಬಾಟ್ಲಿ ಇಡ್ತೀರಾ?" ಅಂದಳು. ನಮ್ಮ ಗಣಪತಿ, ಲಕ್ಷ್ಮಿ ಎಲ್ಲರೂ ಇರುವುದು ಅಲ್ಲೇ. ನಮ್ಮ ಮನೆಯಲ್ಲಿ ಪ್ರೆಸ್ ಅನ್ನಿಸಿಕೊಳ್ಳುವುದು ಇನ್ನೊಂದಿದೆ, ಮಹಡಿಯ ಮೇಲೆ ಟವೆಲುಗಳ ನಡುವೆ. ಕತ್ತಲೂ ಇತ್ತು, ಜಾಗವೂ ಇತ್ತು. ಮಲಗಿಸಿದೆ.

ಶನಿವಾರ ಸಂಜೆ ಅಜ್ಜಿ ಬಂದು ಕೂತರು. ನಾನು ಜಂಬದಿಂದ ಮೇಲೆ ಹೋಗಿ ಬಾಟ್ಲಿ ಎತ್ತಿದರೆ, ಆಗತಾನೇ ಒಲೆಯಿಂದ ಇಳಿಸಿದ ಪಾಯಸದ ಪಾತ್ರೆಯಷ್ಟು ಬಿಸಿ. ಬಿರಡೆ ತಲೆ ಎತ್ತಿತ್ತು. ಹಿಂದೆ ನಿಂತಿದ್ದ ಮಗಳು ಅಪ್ಪಟ ಕಾರ್ಕ್ ರಾಗದಲ್ಲಿ, "ಡ್ಯಾಡ್, ದ್ಯಾಟ್ಸ್ ದ ಹಾಟ್ ಪ್ರೆಸ್" ಅಂದಳು. ಬಿಸಿನೀರಿನ ಟ್ಯಾಂಕ್ ಇರುವ ಬೀರು ಅದು. ಇಷ್ಟು ವರ್ಷ ಅದರಲ್ಲಿ ಬಟ್ಟೆ ಒಣಗಿಸಿದ ನನಗೆ ಹೆಸರಿನಲ್ಲಿದ್ದ 'ಹಾಟ್' ಕಣ್ಣಿಗೇ ಬಿದ್ದಿರಲಿಲ್ಲ.

ಬೇರೆ ದಾರಿಯಿಲ್ಲದೆ ಸುರಿದೆ. ಅಜ್ಜಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು "ಗ್ರ್ಯಾಂಡ್" ಅಂದರು. ಈ ದೇಶದಲ್ಲಿ ಗ್ರ್ಯಾಂಡ್ ಅಂದರೆ ಪರವಾಗಿಲ್ಲ, ಹೇಗೋ ಆಗುತ್ತದೆ ಎಂದಷ್ಟೇ ಅರ್ಥ. ನನಗೆ ಅಳುವೇ ಬಂದಂತಾಯಿತು.

ಹೆಂಡತಿ ಬಾಟ್ಲಿ ಕಿತ್ತುಕೊಂಡು ಅಡುಗೆಮನೆಗೆ ಹೋದಳು. ಮೊದಲು ದೇವರ ಪ್ರೆಸ್ಸಿನ ಬಾಗಿಲು ಭದ್ರವಾಗಿ ಮುಚ್ಚಿದಳು. ಆಮೇಲೆ ವೈನನ್ನು ಪಾತ್ರೆಗೆ ಸುರಿದು ಲವಂಗ, ಚಕ್ಕೆ, ಏಲಕ್ಕಿ, ಒಂದು ಅಚ್ಚು ಬೆಲ್ಲ ಹಾಕಿ ಕಷಾಯದ ಹಾಗೆ ಕಾಯಿಸಿದಳು. ಹೇಗೂ ಬಿಸಿಯಾಗಿದೆ, ಪೂರ್ತಿ ಬಿಸಿಯಾಗಲಿ ಎಂಬುದು ಅವಳ ವಾದ. ಶೀತವಾದಾಗ ಅವಳಮ್ಮ ಮಾಡುತ್ತಿದ್ದುದೂ ಇದೇ, ವೈನ್ ಒಂದು ಬಿಟ್ಟು.

ಅಜ್ಜಿ ಎರಡು ಲೋಟ ಕುಡಿದರು. ಈ ಸಲ ಗ್ರ್ಯಾಂಡ್ ಅನ್ನಲಿಲ್ಲ. ಕೆನ್ನೆ ಕೆಂಪಾಗಿ, ಹಾಟ್ ಪ್ರೆಸ್ಸಿನ ಕಥೆಯನ್ನು ಮಗಳಿಂದ ಎರಡೆರಡು ಸಲ ಹೇಳಿಸಿ ನಕ್ಕರು. ಹೊರಡುವಾಗ ಬಾಗಿಲಲ್ಲಿ ನಿಂತು, ಸ್ವಲ್ಪ ನಾಚಿಕೆಯಿಂದ, "ಪಾತ್ರೆಯಲ್ಲಿ ಇನ್ನೂ ಉಳಿದಿದ್ದರೆ ನಾನು ತಗೊಂಡು ಹೋಗಲಾ?" ಎಂದು ಕೇಳಿದರು.

ಮೈಸೂರುಪಾಕಿನ ಅದೇ ಡಬ್ಬಿಗೆ ತುಂಬಿ ಕೊಟ್ಟೆವು. ಇಷ್ಟು ವರ್ಷಗಳಲ್ಲಿ ಅವರು ನಮ್ಮನ್ನು ಏನಾದರೂ ಕೇಳಿದ್ದು ಅದೇ ಮೊದಲು. ಡಬ್ಬಿ ವಾಪಸ್ ಬರಲಿಲ್ಲ.