ಆಸ್ಟಿನ್‌ನಲ್ಲಿ ಆಡಿದ ಮಾತು

ವಸಂತಾ ಹೊಸಮನಿಗೆ ಸಿಮೆಂಟಿನ ಕೆಲಸ ತವರಿನಿಂದ ಬಂದದ್ದು. ಗದಗಿನಲ್ಲಿ ಅವಳ ತಂದೆ ರಸ್ತೆ, ಮೋರಿಗಳ ಗುತ್ತಿಗೆದಾರರು. ಬಾಗಲಕೋಟೆಯಲ್ಲಿ ಸಿವಿಲ್ ಓದಿ, ಶ್ರೀಶೈಲನ ಕೈ ಹಿಡಿದು ಡಾಲಸ್‌ಗೆ ಬಂದಾಗ, ಪರಿಚಯದ ಹೆಂಗಸರೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತುಬಿಡು ಎಂದು ಬುದ್ಧಿ ಹೇಳಿದ್ದರು. ಅವಳು ಕಲಿಯಲಿಲ್ಲ. ಒಬ್ಬ ಬಿಲ್ಡರ್ ಕೈಕೆಳಗೆ ಕೆಲವು ವರ್ಷ ಎಸ್ಟಿಮೇಟ್ ಹಾಕುತ್ತಿದ್ದು, ಡಾಲಸ್ ಹತ್ತಿರದ ಲಿಟಲ್ ಎಲ್ಮ್‌ನ ಕೆರೆಯ ಸುತ್ತ ಹೊಸ ಬಡಾವಣೆಗಳು ಏಳತೊಡಗಿದಾಗ ಸ್ವಂತ ಕಂಪನಿ ತೆರೆದಳು. ಮನೆ ಮುಂದಿನ ಡ್ರೈವ್‌ವೇ, ಕಾಲುದಾರಿ, ಹಿತ್ತಿಲ ಕಟ್ಟೆ, ಎಲ್ಲಕ್ಕೂ ಕಾಂಕ್ರೀಟ್ ಹಾಕಿಕೊಡುವುದು ಅವಳ ಕಸುಬಾಯಿತು.

ಅವಳ ಹತ್ತಿರ ಮೊದಲು ಕೆಲಸಕ್ಕೆ ಸೇರಿದವನು ಎಸ್ತೆಬಾನ್. ಮೆಕ್ಸಿಕೋದವನು, ಟೆಕ್ಸಾಸ್‌ಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಅವಳನ್ನು ‘ಹೆಫಾ’ ಎನ್ನುತ್ತಿದ್ದ, ಅಂದರೆ ಅವರ ಭಾಷೆಯಲ್ಲಿ ಯಜಮಾನಿ. ಅವಳು ಡಬ್ಬಿಯಲ್ಲಿ ತರುತ್ತಿದ್ದ ಶೇಂಗಾ ಚಟ್ನಿಯನ್ನು ತನ್ನ ರೊಟ್ಟಿಯಂಥ ಟೋರ್ಟಿಯಾಕ್ಕೆ ಸವರಿಕೊಂಡು ತಿಂದು, ಖಾರ ಸಾಲದು ಎಂದು ಅವಳನ್ನೇ ರೇಗಿಸುತ್ತಿದ್ದ. ಇಬ್ಬರ ಇಂಗ್ಲಿಷೂ ಬೇರೆ ಬೇರೆ ರೀತಿಯಲ್ಲಿ ವಕ್ರವಾಗಿದ್ದರಿಂದ ಇಬ್ಬರಿಗೂ ಸಂಕೋಚವಿರಲಿಲ್ಲ.

ಒಂದು ಫೆಬ್ರುವರಿಯಲ್ಲಿ ಬಿಲ್ಡರ್‌ಗಳ ಸಂಘದ ಕರ್ಟಿಸ್ ಎಂಬಾತ ಅವಳ ಆಫೀಸಿಗೆ ಬಂದ. ಶಾಸಕರನ್ನು ಕಂಡು ಮಾತಾಡಿ, ಸಂಘಕ್ಕೆ ಬೇಕಾದ ಕಾನೂನು ಮಾಡಿಸುವುದು, ಬೇಡವಾದದ್ದನ್ನು ತಡೆಯುವುದು ಅವನ ನೌಕರಿ.

“ಆಸ್ಟಿನ್‌ನಲ್ಲಿ ಒಂದು ಮಸೂದೆ ಬಂದಿದೆ,” ಎಂದ. “ಬಿಸಿಲಲ್ಲಿ ಕೆಲಸ ಮಾಡುವವರಿಗೆ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷ ನೆರಳು, ನೀರು ಕೊಡಲೇಬೇಕು, ಇಲ್ಲವಾದರೆ ದಂಡ.”

“ಅದರಲ್ಲಿ ತಪ್ಪೇನು?” ಎಂದು ವಸಂತಾ ಕೇಳಿದಳು.

ಹಾಗೆ ಕೇಳಿದ್ದೇ ಮುಂದೆ ಅವಳನ್ನು ಹೆಚ್ಚು ಚುಚ್ಚಿತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಲಿಕ್ಕೂ ದಾರಿ ಉಳಿದಿರಲಿಲ್ಲ.

“ನೀರು ಕೊಡುವುದರಲ್ಲಿ ತಪ್ಪೇನೂ ಇಲ್ಲ. ಸರಕಾರ ನಿಮ್ಮ ಸೈಟಿಗೆ ಗಡಿಯಾರ ಹಿಡಿದು ಬರುವುದರಲ್ಲಿದೆ. ಇದನ್ನು ದೊಡ್ಡ ಬಿಲ್ಡರ್ ಹೇಳಿದರೆ ಯಾರೂ ಕೇಳುವುದಿಲ್ಲ. ನಿಮ್ಮಂಥವರು ಹೇಳಬೇಕು.”

ನಿಮ್ಮಂಥವರು ಎಂದರೆ ಏನೆಂದು ಅವಳಿಗೆ ಅರ್ಥವಾಯಿತು. ಹೆಂಗಸು, ಹೊರದೇಶದಿಂದ ಬಂದವಳು, ಸಣ್ಣ ವ್ಯಾಪಾರ. ಆದರೂ ಒಪ್ಪಿಕೊಂಡಳು. ಅವಳಿಗೆ ಕೆಲಸ ಕೊಡುವ ಬಿಲ್ಡರ್‌ಗಳೆಲ್ಲ ಆ ಸಂಘದಲ್ಲೇ ಇದ್ದರು. ಜೊತೆಗೆ ಹಿಗ್ಗೂ ಆಗಿತ್ತು. ಅಮೆರಿಕದ ಪೌರತ್ವ ಸಿಕ್ಕು ಬಹಳ ಕಾಲವಾಗಿರಲಿಲ್ಲ. ಗದಗಿನ ಗುತ್ತಿಗೆದಾರನ ಮಗಳು ರಾಜ್ಯದ ಶಾಸನಸಭೆಯಲ್ಲಿ ನಿಂತು ಮಾತಾಡುವುದೆಂದರೆ!

ರಾಜಧಾನಿ ಆಸ್ಟಿನ್‌ನಲ್ಲಿ, ಶಾಸನಸಭೆ ಕೂಡುವ ಕ್ಯಾಪಿಟಲ್ ಕಟ್ಟಡದ ಹತ್ತಿರವೇ ಸಂಘದ ಆಫೀಸು. ಅಲ್ಲಿ ಅವಳಿಗೆ ತಾಲೀಮು ಕೊಟ್ಟರು. ಮಸೂದೆ ಪರಿಶೀಲಿಸುವ ಶಾಸಕರ ಸಮಿತಿಯ ಮುಂದೆ ಒಬ್ಬೊಬ್ಬರಿಗೆ ಎರಡೇ ನಿಮಿಷ. ತಂದೆಯಿಂದ ಶುರು ಮಾಡಿ, ಕೆಲಸಗಾರರ ಮೇಲಿನ ಪ್ರೀತಿಯಿಂದ ಮುಗಿಸಿ ಎಂದರು. ಅವಳು ಹಾಗೆಯೇ ಮಾಡಿದಳು. “ನನ್ನ ಕೆಲಸಗಾರರು ನನ್ನ ಮನೆಯವರು. ಮನೆಯವರಿಗೆ ನೀರು ಕೊಡಲು ನನಗೆ ಕಾನೂನು ಬೇಕಿಲ್ಲ,” ಎಂದಾಗ ಸಮಿತಿಯ ಅಧ್ಯಕ್ಷರು ಕುರ್ಚಿಯಿಂದ ಮುಂದೆ ಬಾಗಿ ತಲೆಯಾಡಿಸಿದರು.

ಅವಳ ನಂತರ ಬಂದವಳು ಚಾವಣಿ ಕೆಲಸದವನೊಬ್ಬನ ವಿಧವೆ. ಗಂಡ ಚಾವಣಿಯ ಮೇಲೆ ಹೇಗೆ ಕುಸಿದ ಎಂದು ಹೇಳತೊಡಗಿದಳು. ಕರ್ಟಿಸ್ ವಸಂತಾಳ ಭುಜ ಮುಟ್ಟಿ, ಫೋಟೊ ತೆಗೆಯಬೇಕು, ಹೊರಗೆ ಬನ್ನಿ ಎಂದ. ಅವಳು ಎದ್ದು ಹೋದಳು. ಆ ಹೆಂಗಸಿನ ಮಾತು ಎಲ್ಲಿಗೆ ಬಂದು ಮುಗಿಯಿತು ಎಂದು ಅವಳಿಗೆ ಗೊತ್ತೇ ಆಗಲಿಲ್ಲ.

ಮಸೂದೆ ಸೋಲಲಿಲ್ಲ. ಸೋಲಬೇಕಾದರೆ ಮತಕ್ಕೆ ಬರಬೇಕಲ್ಲ. ಸಮಿತಿಯ ಅಧ್ಯಕ್ಷರು ಅದನ್ನು ಮತಕ್ಕೆ ಹಾಕಲೇ ಇಲ್ಲ. ಅಧಿವೇಶನ ಮುಗಿದಾಗ ಅದೂ ಮುಗಿಯಿತು. ಆ ಅಧ್ಯಕ್ಷರು ವಸಂತಾಳ ಕ್ಷೇತ್ರದಿಂದಲೇ ಆರಿಸಿ ಹೋದವರು. ಹಿಂದಿನ ವರ್ಷ ಅವರ ಪ್ರಚಾರಕ್ಕೆಂದು ಸಂಘ ಏರ್ಪಡಿಸಿದ್ದ ಔತಣದಲ್ಲಿ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತು ಎಲ್ಲರನ್ನೂ ಸ್ವಾಗತಿಸಿದವಳು ಅವಳೇ.

ಅವಳು ಮಾತಾಡಿದ ವಿಡಿಯೊ ವಾಟ್ಸ್ಯಾಪಿನಲ್ಲಿ ಓಡಾಡಿತು. ಕನ್ನಡದವರೆಲ್ಲ ಹೂಗುಚ್ಛದ ಚಿತ್ರ ಕಳಿಸಿದರು. ಆಸ್ಟಿನ್‌ನಲ್ಲಿ ಓದುತ್ತಿದ್ದ ಮಗಳು ತನ್ವಿ ಮಾತ್ರ ಫೋನಿನಲ್ಲಿ, “ಅಮ್ಮಾ, ಡು ಯು ರಿಯಲಿ ಗಿವ್ ದೆಮ್ ಬ್ರೇಕ್ಸ್?” ಎಂದು ಕೇಳಿದಳು.

“ಕೊಡ್ತೀನವ್ವ. ಕೆಲಸ ನೋಡ್ಕೊಂಡು ಕೊಡ್ತೀನಿ.”

“ದಟ್ಸ್ ನಾಟ್ ವಾಟ್ ಯು ಸೆಡ್ ದೇರ್.”

ವಸಂತಾ ಮಾತು ಬದಲಿಸಿದಳು.

ಅದೇ ಆಗಸ್ಟ್‌ನಲ್ಲಿ ಲಿಟಲ್ ಎಲ್ಮ್‌ನ ಒಂದು ಬಡಾವಣೆಯಲ್ಲಿ ಸಾಲು ಮನೆಗಳ ಡ್ರೈವ್‌ವೇ ಹಾಕುವುದಿತ್ತು. ಬೆಳಗಿನ ತಂಪಿನಲ್ಲಿ ಬರಬೇಕಿದ್ದ ಮಿಕ್ಸರ್ ಟ್ರಕ್ಕುಗಳು ತಡವಾಗಿ, ಒಂದರ ಹಿಂದೊಂದು ಬಂದು ನಿಂತವು. ಅಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅಂಥ ಬಿಸಿಲಲ್ಲಿ ಕಾಂಕ್ರೀಟು ಬೇಗ ಬಿಗಿದುಕೊಳ್ಳುತ್ತದೆ. ಸುರಿದ ಮೇಲೆ ನಡುವೆ ಕೈಬಿಟ್ಟರೆ ಕೆಡುತ್ತದೆ. ಎಸ್ತೆಬಾನ್ ಅವಳಿಗೆ ಫೋನು ಮಾಡಿದ. ಹುಡುಗರು ಸುಸ್ತಾಗಿದ್ದಾರೆ, ಹಿಂದೆ ನಿಂತಿರುವ ಟ್ರಕ್ಕನ್ನು ವಾಪಸ್ ಕಳಿಸಲೇ ಎಂದು ಕೇಳಿದ.

ಅವಳು ಏಸಿ ಹಾಕಿದ ಕಾರಿನಲ್ಲಿದ್ದಳು. “ಬೇಡ ಎಸ್ತೆಬಾನ್, ಇದನ್ನ ಮುಗಿಸಿಬಿಡಿ. ಆಮೇಲೆ ಎಲ್ಲರೂ ಕೂತ್ಕೊಳ್ಳಿ,” ಎಂದಳು.

“ಸರಿ ಹೆಫಾ,” ಎಂದ.

ಅವನು ಹುಡುಗರಲ್ಲಿ ಇಬ್ಬರನ್ನು ನೆರಳಿಗೆ ಕಳಿಸಿ ಅವರ ಪಾಲಿನ ಕೆಲಸವನ್ನೂ ತಾನೇ ಮಾಡಿದ. ಕೊನೆಯ ಡ್ರೈವ್‌ವೇಯ ಅಂಚನ್ನು ಮೊಣಕಾಲೂರಿ ಕರಣೆಯಿಂದ ನುಣುಪು ಮಾಡುತ್ತಿದ್ದವನು ಅಲ್ಲಿಲ್ಲದ ಯಾರ ಜೊತೆಗೋ ತಪ್ಪು ತಪ್ಪಾಗಿ ಮಾತಾಡತೊಡಗಿದ. ಹಾಗೆಯೇ ಹಸಿ ಕಾಂಕ್ರೀಟಿನ ಮೇಲೆ ಮುಖ ಅಡಿಯಾಗಿ ಬಿದ್ದ. ವಸಂತಾ ಸೈಟಿಗೆ ಬರುವ ಹೊತ್ತಿಗೆ ಹುಡುಗರು ಅವನ ಮೈಮೇಲೆ ಐಸು ಸುರಿದಿದ್ದರು. ಅಂಬುಲೆನ್ಸಿನವರು ಅವನನ್ನು ಎತ್ತುತ್ತಿದ್ದರು. ಅವನ ಮೈ ಮುಟ್ಟಿದಳು. ಅಷ್ಟು ಐಸು ಸುರಿದಿದ್ದರೂ ಹೆಂಚಿನ ಹಾಗೆ ಸುಡುತ್ತಿತ್ತು.

ಎಸ್ತೆಬಾನ್ ಬದುಕಿದ. ಆದರೆ ಮೂತ್ರಪಿಂಡ ಅರ್ಧಕ್ಕರ್ಧ ಕೆಟ್ಟಿತು, ನೆನಪು ಅಲ್ಲಲ್ಲಿ ಅಳಿಸಿಹೋಯಿತು. ಇನ್ನು ಬಿಸಿಲಿಗೆ ಹೋಗುವ ಹಾಗಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ಮಗಳು ನಯೇಲಿ ಸಿಕ್ಕಳು. ಇನ್ನೂ ಹೈಸ್ಕೂಲಿನಲ್ಲಿದ್ದ ಹುಡುಗಿ. ಬಯ್ಯುತ್ತಾಳೆ ಎಂದುಕೊಂಡು ವಸಂತಾ ತಲೆ ತಗ್ಗಿಸಿ ನಿಂತಳು.

“ನೀವು ಆಸ್ಟಿನ್‌ನಲ್ಲಿ ಮಾತಾಡಿದ ವಿಡಿಯೊ ಅಪ್ಪನ ಫೋನಿನಲ್ಲಿದೆ,” ಎಂದಳು ನಯೇಲಿ. “ನನ್ನ ಕೈಲಿ ಅರ್ಥ ಹೇಳಿಸಿಕೊಂಡರು. ಅಜ್ಜಿಗೆ, ಚಿಕ್ಕಪ್ಪನಿಗೆ, ಬಂದವರಿಗೆಲ್ಲ ತೋರಿಸೋರು. ನನ್ನ ಯಜಮಾನಿ ಸರಕಾರದ ಮುಂದೆ ನನ್ನನ್ನ ಮನೆಯವನು ಅಂದಳು ಅಂತ.”

“ಆ ಮಾತು ಯಾತಕ್ಕೆ ಆಡಿದ್ದು ಅಂತ ಅಪ್ಪನಿಗೆ ಗೊತ್ತಾ?”

“ನಾನು ಹೇಳಲಿಲ್ಲ,” ಎಂದಳು ಹುಡುಗಿ. “ಅಷ್ಟು ಖುಷಿಯಲ್ಲಿದ್ದರು.”

ಹುಡುಗಿ ಬಯ್ದಿದ್ದರೆ ವಾಸಿಯಿತ್ತು ಅನ್ನಿಸಿತು ವಸಂತಾಳಿಗೆ.

ಕರ್ಟಿಸ್‌ನ ಫೋನು ಬಂತು. ಬಹಳ ಮೃದುವಾಗಿ ಮಾತಾಡಿದ. ಪತ್ರಿಕೆಯವರು ಕೇಳಿದರೆ ಏನೂ ಹೇಳಬೇಡಿ, ಸಂಘದ ವಕೀಲರು ನೋಡಿಕೊಳ್ಳುತ್ತಾರೆ ಎಂದ. ಯಾವ ಪತ್ರಿಕೆಯವರೂ ಕೇಳಲಿಲ್ಲ.

ಮನೆಯಲ್ಲಿ ಅವಳು ಊಟಕ್ಕೆ ಕೂತರೆ ಎರಡು ತುತ್ತು ತಿಂದು ಏಳುವುದಾಯಿತು. ಶ್ರೀಶೈಲ ನೋಡಿ ನೋಡಿ ಒಂದು ದಿನ, “ನೀ ಏನ್ ಬೇಕಂತ ಮಾಡಿದ್ದಲ್ಲ ಬಿಡು. ಟ್ರಕ್ ಲೇಟ್ ಆಗಿದ್ಕ ನೀ ಏನ್ ಮಾಡ್ತಿ?” ಎಂದ.

“ಟ್ರಕ್ ವಾಪಸ್ ಕಳಸ್ಲೇನು ಅಂತ ಕೇಳಿದ್ನಲ್ರಿ ಅಂವ. ಬ್ಯಾಡ ಅಂದಾಕಿ ನಾನ. ಕೇಳದ ಕುಂದ್ರೂ ಹಂಗ ಕಾನೂನು ಆಗ್ತಿತ್ತು. ಅದನ್ನೂ ಬ್ಯಾಡ ಅಂದಾಕಿ ನಾನ.”

ಎಸ್ತೆಬಾನ್‌ನ ಸಂಸಾರ ಹ್ಯೂಸ್ಟನ್‌ಗೆ, ಸ್ಟಾಫರ್ಡ್ ಹತ್ತಿರ ಅವನ ತಮ್ಮನ ಮನೆಗೆ ಶಿಫ್ಟ್ ಆಯಿತು. ಮರುವರ್ಷ ವಸಂತಾ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದಳು. ಅವನು ವರಾಂಡದಲ್ಲಿ ಕೂತಿದ್ದ, ಅರ್ಧ ಇಳಿದುಹೋಗಿದ್ದ. ಅವಳು ತಂದಿದ್ದ ಶೇಂಗಾ ಚಟ್ನಿಯ ಡಬ್ಬಿಯನ್ನು ಅವನ ಹೆಂಡತಿ ತೆಗೆದುಕೊಂಡು, ಉಪ್ಪು ಕೂಡದು ಎಂದು ಮೆಲ್ಲಗೆ ಹೇಳಿ ಒಳಗಿಟ್ಟಳು.

ನಯೇಲಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ವಸಂತಾ ಎಲ್ಲವನ್ನೂ ಹೇಳಿದಳು. ಆ ಮಸೂದೆಯಲ್ಲಿ ಏನಿತ್ತು, ತಾನು ಯಾರ ಪರವಾಗಿ ಹೋಗಿದ್ದೆ, ಆ ಮಾತನ್ನು ಯಾರು ಯಾತಕ್ಕೆ ಆಡಿಸಿದರು. ಹುಡುಗಿ ತಗ್ಗಿದ ದನಿಯಲ್ಲಿ ಸ್ಪ್ಯಾನಿಷ್‌ನಲ್ಲಿ ಹೇಳುತ್ತ ಹೋದಳು.

“ಹಾಗಾದರೆ ಮನೆಯವನು ಅಂದದ್ದು ಸುಳ್ಳಾ?” ಎಂದು ಎಸ್ತೆಬಾನ್ ಕೇಳಿದ.

“ಅನ್ನುವಾಗ ನಿಜ ಅಂತಲೇ ಅಂದುಕೊಂಡಿದ್ದೆ,” ಎಂದಳು.

ಅವನು ತಲೆಯಾಡಿಸಿದ. ಮುಂದಿನ ಅಧಿವೇಶನದಲ್ಲಿ ಹೋಗಿ ನಿನ್ನ ಕತೆ ಹೇಳಲೇ ಎಂದು ಕೇಳಿದಳು. ಅವನು ಗಾಬರಿಯಾಗಿ ಕೈ ಅಡ್ಡ ಆಡಿಸಿದ. ಹೆಸರು ಎಲ್ಲೂ ಬರಬಾರದು. ಇಷ್ಟು ವರ್ಷವಾದರೂ ಅವನ ಕಾಗದಪತ್ರ ನೆಟ್ಟಗಾಗಿರಲಿಲ್ಲ. ಅವನಿಗೆ ಓಟೂ ಇಲ್ಲ, ಹೆಸರು ಹೇಳುವ ಧೈರ್ಯವೂ ಇಲ್ಲ. ಅಂಥವನ ಬಾಯಿಯೇ ತಾನು ಎಂಬಂತೆ ಆಸ್ಟಿನ್‌ನಲ್ಲಿ ನಿಂತು ಮಾತಾಡಿ ಬಂದಿದ್ದಳು ವಸಂತಾ. ವಾಪಸ್ ಬರುವಾಗ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನ ಬದಿಗೆ ಕಾರು ನಿಲ್ಲಿಸಿ ಅತ್ತಳು.

ಟೆಕ್ಸಾಸ್‌ನ ಶಾಸನಸಭೆ ವರ್ಷ ಬಿಟ್ಟು ವರ್ಷ ಕೂಡುತ್ತದೆ. ಮುಂದಿನ ಸಲ ಕೂಡಿದಾಗ ಅಂಥದೇ ಮಸೂದೆ ಮತ್ತೆ ಬಂತು. ಈ ಸಲ ವಸಂತಾಳನ್ನು ಯಾರೂ ಕರೆಯಲಿಲ್ಲ. ತಾನೇ ಹೋಗಿ ಮಸೂದೆಯ ಪರ ಎಂದು ಹೆಸರು ಕೊಟ್ಟಳು. ತನ್ವಿ ಜೊತೆಗೆ ಬಂದಳು. ಬೆಳಿಗ್ಗೆ ಎಂದದ್ದು ಮಧ್ಯಾಹ್ನವಾಗಿ, ಸಂಜೆಯಾಯಿತು. ಅವಳ ಸರದಿ ಬರುವ ಹೊತ್ತಿಗೆ ಸಮಿತಿಯ ಅರ್ಧ ಕುರ್ಚಿ ಖಾಲಿ.

ಎಸ್ತೆಬಾನ್‌ನ ಹೆಸರು ಹೇಳದೆ, ಆ ದಿನದ ಫೋನು, ಟ್ರಕ್ಕು, ತನ್ನ ಏಸಿ ಕಾರು ಎಲ್ಲವನ್ನೂ ಹೇಳಿದಳು. ಅಧ್ಯಕ್ಷರು ಅವಳನ್ನು ಗುರುತಿಸಿದರು.

“ಮೇಡಂ, ಹಿಂದಿನ ಸಲ ಇದೇ ಜಾಗದಲ್ಲಿ ನಿಂತು, ನೀರು ಕೊಡಲು ಕಾನೂನು ಬೇಕಿಲ್ಲ ಎಂದವರು ನೀವೇ ಅಲ್ಲವೇ? ಯಾವ ಮಾತನ್ನು ನಂಬೋಣ?”

“ಇದನ್ನು ನಂಬಿ,” ಎಂದಳು ವಸಂತಾ. “ಆಗ ಆಡಿದ ಮಾತು ಸುಳ್ಳಾಗಿತ್ತು. ಅದಕ್ಕೆ ನೀವು ತಲೆಯಾಡಿಸಿದ್ದಿರಿ.”

ಎರಡು ನಿಮಿಷ ಮುಗಿದ ಗಂಟೆ ಬಾರಿಸಿತು. ಧನ್ಯವಾದ ಎಂದು ಅಧ್ಯಕ್ಷರು ಮುಂದಿನವರನ್ನು ಕರೆದರು. ಈ ಮಸೂದೆಯೂ ಮತಕ್ಕೆ ಬರಲಿಲ್ಲ. ವಾರದೊಳಗೆ ಇಬ್ಬರು ಬಿಲ್ಡರ್‌ಗಳು ಅವಳಿಗೆ ಕೊಡುತ್ತಿದ್ದ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಕಂಪನಿ ಮೊದಲಿನ ಅರ್ಧಕ್ಕೆ ಇಳಿಯಿತು.

ಆ ಸಂಜೆ ಕ್ಯಾಪಿಟಲ್‌ನ ಮೆಟ್ಟಿಲಿಳಿಯುವಾಗ ತನ್ವಿ ಒಂದು ಪ್ರಶ್ನೆ ಹಾಕಿದ್ದಳು. “ಅಮ್ಮಾ, ಮಾರ್ಚ್ ಪ್ರೈಮರಿಯಲ್ಲಿ ಹ್ಯಾವ್ ಯು ಎವರ್ ವೋಟೆಡ್?”

ಇಲ್ಲ. ನವೆಂಬರಿನ ಚುನಾವಣೆಗೆ ಮಾತ್ರ ಹೋಗುತ್ತಿದ್ದಳು. ಅವಳ ಕ್ಷೇತ್ರದಲ್ಲಿ ಒಂದೇ ಪಕ್ಷ ಗೆಲ್ಲುವುದು. ಆ ಪಕ್ಷದ ಅಭ್ಯರ್ಥಿ ಯಾರೆಂದು ಮಾರ್ಚಿನಲ್ಲೇ, ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ತೀರ್ಮಾನವಾಗಿಬಿಡುತ್ತದೆ. ಆಗ ಓಟು ಹಾಕುವವರು ಬೆರಳೆಣಿಕೆಯ ಜನ, ಯಾವ ಸಂಘಕ್ಕೆ ಏನು ಬೇಕು ಎಂದು ಬಲ್ಲವರು. ಔತಣದ ಬಾಗಿಲಲ್ಲಿ ನಿಂತು ನಮಸ್ಕರಿಸಿದ್ದಳೇ ಹೊರತು, ಆ ಮನುಷ್ಯನನ್ನು ಆರಿಸುವ ಇಲ್ಲವೇ ಇಳಿಸುವ ದಿನ ಅವಳು ಒಮ್ಮೆಯೂ ಮನೆಯಿಂದ ಹೊರಟಿರಲಿಲ್ಲ.

ಮುಂದಿನ ಪ್ರೈಮರಿಯಲ್ಲಿ ಅಧ್ಯಕ್ಷರ ಎದುರು ಶಾಲಾಮಾಸ್ತರೊಬ್ಬರು ನಿಂತರು. ವಸಂತಾ ಅವರಿಗಾಗಿ ಲಿಟಲ್ ಎಲ್ಮ್‌ನ ಮನೆಮನೆಯ ಬಾಗಿಲು ತಟ್ಟಿದಳು. ಆ ಡ್ರೈವ್‌ವೇಗಳಲ್ಲಿ ಎಷ್ಟೋ ಅವಳೇ ಹಾಕಿಸಿದವು. “ಎಲೆಕ್ಷನ್ ನವೆಂಬರಿಗಲ್ವಾ ಆಂಟಿ?” ಎಂದು ಕೇಳಿದವರೇ ಹೆಚ್ಚು. ಒಬ್ಬೊಬ್ಬರಿಗೂ ನಿಂತು ಬಿಡಿಸಿ ಹೇಳಿದಳು. ಒಂದು ಮನೆಯಲ್ಲಿ ಮೈಸೂರಿನ ಹುಡುಗಿ ಅಮೂಲ್ಯಾ ನೀರು ತಂದುಕೊಟ್ಟು, “ನಿಮಗೇನು ಸಿಗುತ್ತೆ ಆಂಟಿ ಇದರಿಂದ?” ಎಂದಳು. ವಸಂತಾ ನೀರು ಕುಡಿದು ಲೋಟ ವಾಪಸ್ ಕೊಟ್ಟಳು. “ಒಬ್ಬರಿಗೆ ಕೆಟ್ಟದ್ದು ಮಾಡಿದೀನಮ್ಮ,” ಎಂದಷ್ಟೇ ಹೇಳಿದಳು.

ಶಾಲಾಮಾಸ್ತರು ಸೋತರು. ಅಧ್ಯಕ್ಷರ ಎದುರು ಹಿಂದೆ ನಿಂತವರ್ಯಾರೂ ಇಷ್ಟು ಕಡಿಮೆ ಅಂತರದಿಂದ ಸೋತಿರಲಿಲ್ಲ ಎಂದು ತನ್ವಿ ಸಮಾಧಾನ ಹೇಳಿದಳು. ವಸಂತಾ ಹ್ಯೂಸ್ಟನ್‌ಗೆ ಫೋನು ಮಾಡಿ ತಿಳಿಸಿದಳು. ಎಸ್ತೆಬಾನ್‌ಗೆ ಯಾವ ಚುನಾವಣೆ, ಯಾರು ಸೋತರು ಎಂಬುದೊಂದೂ ಸರಿಯಾಗಿ ತಲೆಗೆ ಹೋಗಲಿಲ್ಲ. ಲಿಟಲ್ ಎಲ್ಮ್‌ನಲ್ಲಿ ಚಳಿ ಹೋಯಿತೇ ಎಂದು ಎರಡು ಸಲ ಕೇಳಿದ. ಆಮೇಲೆ ನಯೇಲಿ ಫೋನು ತೆಗೆದುಕೊಂಡಳು. ತನಗೆ ಹದಿನೆಂಟು ತುಂಬಿದೆ, ಹ್ಯೂಸ್ಟನ್‌ನಲ್ಲಿ ಹುಟ್ಟಿದವಳಾದ್ದರಿಂದ ಓಟು ಬಂದಿದೆ, ಈ ಸಲ ಹಾಕಿಯೂ ಬಂದೆ ಎಂದಳು.

ಮುಂದಿನ ಅಧಿವೇಶನಕ್ಕೆ ವಸಂತಾ ಮತ್ತೆ ಆಸ್ಟಿನ್‌ಗೆ ಹೋಗುವವಳಿದ್ದಾಳೆ. ಚಾವಣಿಯ ಮೇಲೆ ಕುಸಿದವನ ಹೆಂಡತಿ ಎಲ್ಲಿದ್ದಾಳೆಂದು ವಿಚಾರಿಸಿ ತಿಳಿದುಕೊಂಡಿದ್ದಾಳೆ. ಅಂದು ನಡುವೆ ಎದ್ದು ಹೋದವಳು ನಾನೇ ಎಂದು ಹೇಳಿ, ಆಕೆ ಒಪ್ಪಿದರೆ, ಗಂಡನ ಬಗ್ಗೆ ಆಕೆ ಹೇಳತೊಡಗಿದ್ದ ಮಾತನ್ನು ಪೂರ್ತಿ ಕೇಳಿಕೊಂಡು ಬರಬೇಕೆಂದಿದ್ದಾಳೆ.