ಕಾಲುವೆ ತಿರುವಿಗೆ ಬಂದ ಬಟ್ಟೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಬಟ್ಟೆ ಬಿಳಿಯದಾಗಿತ್ತೆಂದು ನನ್ನ ನೆನಪು. ಅಮ್ಮ ಬೂದು ಬಣ್ಣ ಎನ್ನುತ್ತಾಳೆ. ಮಳೆ ಸಂಜೆ ಬಂತೋ, ಊಟದ ಹೊತ್ತಿಗೇ ಶುರುವಾಗಿತ್ತೋ, ಅದೂ ಖಚಿತವಿಲ್ಲ. ಬಟ್ಟೆಯ ಒಂದು ತುದಿ ಹಿಡಿದವಳು ನಾನು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ನನ್ನ ಸೋದರಮಾವ ಹರಿಹರದ ಹತ್ತಿರದ ಸಾರಥಿ ಎಂಬ ಊರಿನವರು. ಸ್ವಲ್ಪ ಗದ್ದೆಯಿದೆ, ಅದರ ಜೊತೆಗೆ ರಸ್ತೆ ಕೆಲಸದ ಮೇಸ್ತ್ರಿ. ಆ ವರ್ಷ ಊರ ಹೊರಗೆ ಕಾಲುವೆ ಪಕ್ಕದ ರಸ್ತೆಯನ್ನು ಅವರೇ ಮಾಡಿಸುತ್ತಿದ್ದರು. ಎರೆಮಣ್ಣು, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ನೆಲ. ಜಲ್ಲಿಯ ಕೆಳಗೆ ಹಾಸಲೆಂದು ಕಂಬಳಿಯಷ್ಟು ದಪ್ಪದ ಬಟ್ಟೆಯ ಸುರುಳಿಗಳು ಲಾರಿಯಲ್ಲಿ ಬಂದಿದ್ದವು. ನಾನು ದಾವಣಗೆರೆಯ ನಿಟ್ಟುವಳ್ಳಿಯಿಂದ ಭತ್ತದ ಕೊಯ್ಲಿಗೆ ಹೋಗಿದ್ದೆ.

"ರಸ್ತೆಗೂ ಸೀರೆ ಉಡಿಸ್ತೀರೇನ್ ಮಾವ?" ಎಂದೆ.

"ನಗಬ್ಯಾಡ. ಇಷ್ಟು ಓದೀಯ, ಇದು ಗೊತ್ತಿಲ್ಲ?" ಎನ್ನುತ್ತ ಬಟ್ಟೆಯ ಚೂರಿನ ಮೇಲೆ ಒಂದು ಚೊಂಬು ಕೆಸರು ನೀರು ಸುರಿದರು. ನೀರು ಕೆಳಗಿಳಿಯಿತು, ಮಣ್ಣು ಮೇಲೆ ನಿಂತಿತು. "ನೋಡು, ನೀರು ಬಿಡ್ತೈತೆ, ಮಣ್ಣು ಬಿಡಂಗಿಲ್ಲ. ಇದಿಲ್ಲಾಂದ್ರೆ ಜಲ್ಲಿನೆಲ್ಲ ಎರೆ ನುಂಗಿಬಿಡ್ತೈತೆ."

ಅವತ್ತೇ ಮಳೆ ಹಿಡಿಯಿತು. ಭತ್ತದ ರಾಶಿ ಬಯಲಲ್ಲಿತ್ತು. ಇದ್ದ ತಾಡಪಾಲು ಅರ್ಧ ರಾಶಿಗೂ ಸಾಲಲಿಲ್ಲ. ಮಾವ ಒಂದು ಸುರುಳಿಯನ್ನು ಎಳೆದುಕೊಂಡು ಬಂದು "ಹಿಡಿ, ಹಿಡಿ" ಎಂದು ಕೂಗಿದರು. ಹಿಡಿದೆ. ನೀರು ಬಿಡುವ ಬಟ್ಟೆ ಎಂದು ಅವರಿಗೂ ಗೊತ್ತಿತ್ತು, ನನಗೂ. ಬಾಯಿ ಬಿಟ್ಟು ಹೇಳಿದೆನೇ? ಆ ದಿನದ ಡೈರಿಯಲ್ಲಿ "ಜೋರು ಮಳೆ, ಕೈ ನೋವು" ಎಂದಷ್ಟೇ ಇದೆ.

ಮಳೆ ಬಿಡಲು ಮೂರು ದಿನ ಬೇಕಾಯಿತು. ಬಟ್ಟೆ ಎತ್ತಿದರೆ ಭತ್ತ ಮೊಳೆತಿತ್ತು. ಬೇರುಗಳು ಬಟ್ಟೆಯೊಳಗೇ ನುಗ್ಗಿದ್ದವು.

"ಏನ್ ಮೇಸ್ತ್ರಿ, ಕಂಬಳಿ ಹೊದ್ದಿಸಿ ಸಸಿ ಎಬ್ಬಿಸೀಯಲ್ಲ!" ಎಂದರು ಪಕ್ಕದ ಗದ್ದೆಯವರು. "ಮುಂದಿನ ಸಲ ನಮ್ ಸಸಿಮಡೀನೂ ನಿಂಗೇ ಗುತ್ತಿಗೆ."

ಅತ್ತೆ ನಗಲಿಲ್ಲ. ಬಟ್ಟೆಯನ್ನು ಕಾಲುವೆಗೆ ಒಯ್ದು ತುಳಿದು ತುಳಿದು ತೊಳೆದರು. ಕೆಸರು ಬಿಡಲೇ ಇಲ್ಲ. ಮೇಲೆ ಸುರಿದ ನೀರು ಈಗ ಕೆಳಗಿಳಿಯದೆ ಹಾಗೇ ಮಡುಗಟ್ಟಿ ನಿಂತಿತು.

"ಇದು ಸತ್ತೈತ್ರಿ, ಎಸೀರಿ" ಎಂದರು ಮಾವನಿಗೆ.

"ಎಸೆದ್ರೆ ಕಾಲುವೆ ತಿರುವಿಗೆ ಹಾಸಾಕೆ ಸಾಲಂಗಿಲ್ಲ. ಒಣಗ್ಲಿ, ನೋಡಾನ."

ಮರುದಿನ ಬೆಳಿಗ್ಗೆ ನಾನು ದಾವಣಗೆರೆಯ ಬಸ್ಸು ಹತ್ತಿದೆ. ಆಮೇಲಿನದನ್ನು ನಾನು ನೋಡಿಲ್ಲ.

ಎರಡನೆಯ ಮಳೆಗಾಲಕ್ಕೆ ರಸ್ತೆ ಕುಸಿಯಿತು, ಕಾಲುವೆಯ ತಿರುವಿನಲ್ಲಿ ಮಾತ್ರ. ಹರಿಹರದ ಸಂತೆಯಿಂದ ಬರುವಾಗ ಮಾವನ ಬೈಕು ಆ ಗುಂಡಿಗೆ ಇಳಿದು, ಹಿಂದೆ ಕೂತಿದ್ದ ಅತ್ತೆ ಬಿದ್ದರು. ಬೆನ್ನುಮೂಳೆ ಮುರಿಯಿತು. ಈಗ ನಿಟ್ಟುವಳ್ಳಿಯ ನಮ್ಮ ಮನೆಯಲ್ಲೇ ಇದ್ದಾರೆ, ಆಸ್ಪತ್ರೆಗೆ ಹತ್ತಿರವೆಂದು. ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ. ಮಾವ ದಿನವೂ ಅವರನ್ನು ಮಗ್ಗುಲು ಬದಲಿಸಿ ಮಲಗಿಸಿ, ಬೆನ್ನಿನ ಹುಣ್ಣು ಒರೆಸುತ್ತಾರೆ.

ಆ ತಿರುವಿನಲ್ಲಿ ಮರಳಿನ ಲಾರಿಗಳು ಭಾರ ಹೊತ್ತು ಓಡಾಡುತ್ತಿದ್ದವು. ಅದೇ ಕಾರಣ ಎನ್ನುವವರೂ ಇದ್ದಾರೆ, ನಿಜವೂ ಇರಬಹುದು. ನನಗೆ ನಿಜ ಬೇಕೋ ಬಿಡುಗಡೆ ಬೇಕೋ, ಅದೇ ತಿಳಿಯುತ್ತಿಲ್ಲ. ಮಾವ ಆ ಬಟ್ಟೆಯನ್ನು ತಿರುವಿಗೆ ಹಾಸದೆ ಎಸೆದಿದ್ದರೆ, ತುದಿ ಹಿಡಿದ ನನ್ನ ಕೈಗೂ ಇದಕ್ಕೂ ಸಂಬಂಧವಿಲ್ಲ.

ಯುಗಾದಿಯ ಹಿಂದಿನ ದಿನ, ಅತ್ತೆಗೆ ನಿದ್ದೆ ಹತ್ತಿದ ಮೇಲೆ ಕೇಳಿದೆ. ಮಾವ ಔಷಧಿಯ ಬಟ್ಟಲು ತೊಳೆಯುತ್ತಿದ್ದರು, ತೊಳೆಯುತ್ತಲೇ ಇದ್ದರು.

"ಮಾವ, ಆ ಬಟ್ಟೆ ಒಣಗಿದ ಮೇಲೆ ಎಲ್ಲಿ ಹಾಸಿದ್ರಿ?"