ಜೀಪು ಹತ್ತದ ಯಶೋಧರಾ

ಯಶೋಧರಾ ಅವರನ್ನು ಮೊದಲು ಕಂಡದ್ದು ನಂಜನಗೂಡಿನ ಬಸ್ ನಿಲ್ದಾಣದಲ್ಲಿ, ಒಂದು ಬೆಳಿಗ್ಗೆ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ, ನುಣ್ಣನೆಯ ತಲೆ. ನಮ್ಮೂರಲ್ಲಿ ನುಣ್ಣನೆಯ ತಲೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಹೊಳೆದಂಡೆಯಲ್ಲಿ ದಿನವೂ ಅಷ್ಟೊಂದು ಜನ ನಂಜುಂಡೇಶ್ವರನಿಗೆ ಮುಡಿ ಕೊಡುತ್ತಾರೆ. ನಾನು ಭಕ್ತಿಯಿಂದ ಅಂಗೈ ಒಡ್ಡಿ, "ಪ್ರಸಾದ ಇದ್ರೆ ಒಂಚೂರು ಕೊಡಿ ತಾಯಿ" ಎಂದೆ.

ಆಕೆ ನನ್ನ ಮುಖ ನೋಡಿದರು, ಅಂಗೈ ನೋಡಿದರು. "ನಮ್ಮನೇಲಿ ಬುದ್ಧವಂದನೆ ಸಾ. ಮುಡಿಗಿಡಿ ಎಲ್ಲ ನಮ್ಮಪ್ಪನ ಕಾಲಕ್ಕೇ ಬಿಟ್ವಿ. ಇದು ಕೊಟ್ಟ ಕೂದ್ಲಲ್ಲ, ಹೋದ ಕೂದ್ಲು. ಕ್ಯಾನ್ಸರ್ ಔಷಧಿಗೆ."

ನಾನು ನಂಬಲಿಲ್ಲ. ಕ್ಯಾನ್ಸರ್ ಆದವರು ಇಷ್ಟು ಗಟ್ಟಿ ದನಿಯಲ್ಲಿ ಮಾತಾಡುವುದು ನನ್ನ ಲೆಕ್ಕದಲ್ಲಿ ಸರಿಯಿರಲಿಲ್ಲ.

ನಂಬದವನು ನಾನೊಬ್ಬನೇ ಅಲ್ಲವೆಂದು ಆಮೇಲೆ ತಿಳಿಯಿತು. ಆಕೆ ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಮೆಡಿಕಲ್ ರಜಾ ಹಾಕಿ ತೀರ್ಥಯಾತ್ರೆ ಮಾಡಿ ಬಂದಿದ್ದಾಳೆಂದು ಅಲ್ಲಿಯವರ ಗುಮಾನಿ. ಪಕ್ಕದ ಮನೆಯ ಮಂಗಳಮ್ಮನಿಗೆ ಇನ್ನೂ ಆಳವಾದ ಗುಮಾನಿ: "ಇತ್ಲಾಗೆ ಬುದ್ಧನ ಮುಂದೆ ಮೇಣದಬತ್ತಿ, ಅತ್ಲಾಗೆ ಕದ್ದು ಮುಡಿ. ಏನ್ ಅರಕೆ ಒತ್ತಿದ್ಲೋ ಕಣವ್ವ." ಬೇರೆ ಊರಲ್ಲಾಗಿದ್ದರೆ ಆ ತಲೆಯೊಂದೇ ಸಾಕ್ಷಿಯಾಗುತ್ತಿತ್ತು. ನಂಜನಗೂಡಲ್ಲಿ ಅದಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ.

ಯಶೋಧರಾ ಹುಟ್ಟಿದ್ದು ಬಿಳಿಗೆರೆಯಲ್ಲಿ. ತಂದೆ ಮಾದು ಕೂಲಿಗೆ ಹೋಗುತ್ತಿದ್ದ ದೊಡ್ಡ ಸೈಕಲ್ಲಿನ ಬಾರಿನೊಳಗೆ ಕಾಲು ತೂರಿಸಿ, ಸೊಂಟ ಸೊಟ್ಟ ಮಾಡಿಕೊಂಡು ತುಳಿಯಲು ಕಲಿತವರು. ಕೆಲಸ ಸಿಕ್ಕಿದ ಮೇಲೆ ಬಸ್ಸು ಸಿಕ್ಕಿತು, ಸೈಕಲ್ಲು ಬಿಟ್ಟುಹೋಯಿತು. ಚಿಕಿತ್ಸೆ ಮುಗಿದಾಗ ಡಾಕ್ಟರು ಮೆಲ್ಲಗೆ ವ್ಯಾಯಾಮ ಶುರುಮಾಡಿ ಎಂದರು. ಆಕೆ ಹೋಗಿ ಸೇರಿದ್ದು ಗಂಗಾಧರಸ್ವಾಮಿಯವರ ಸೈಕಲ್ ಬಳಗಕ್ಕೆ.

ಗಂಗಾಧರಸ್ವಾಮಿ ಪಂಪ್‌ಸೆಟ್ ಅಂಗಡಿಯ ಮಾಲೀಕರು. ಕೊರಳಲ್ಲಿ ಸೀಟಿ, ಕಣ್ಣಿಗೆ ಕಪ್ಪು ಕನ್ನಡಕ, ಹೊಟ್ಟೆಯ ವಿಸ್ತೀರ್ಣವನ್ನು ಸ್ವಲ್ಪವೂ ಮುಚ್ಚಿಡದ ಬಿಗಿ ಉಡುಪು. ತಮ್ಮನ್ನು ಎಲ್ಲರೂ ಕ್ಯಾಪ್ಟನ್ ಎನ್ನಬೇಕೆಂದು ಅವರ ಆಸೆ. ಮೈಸೂರಿಗೆ ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗಳಿಗೆ ಒಂದು ಗಾಡಿ ಕೊಡಿಸುವುದು ಬಳಗದ ಉದ್ದೇಶ. ಇದರ ಹಿಂದೆ ಪುರಸಭೆ ಚುನಾವಣೆ ಇದ್ದೇ ಇದೆ ಎಂಬ ಗುಮಾನಿಯಲ್ಲಿ, ಪತ್ರಿಕೆಗೆ ಬರೆಯುವ ನಾನು ದಿನವೂ ಅಭ್ಯಾಸ ನೋಡಲು ಹೋದೆ. ನಿಧಾನ ತುಳಿಯುವವರು ಸಾಲಿನ ಮುಂದಿರಬೇಕು, ಉಳಿದವರು ಅವರ ವೇಗಕ್ಕೆ ಹೊಂದಿಕೊಳ್ಳಬೇಕು. ಅದು ಬಳಗದ ನಿಯಮ. ಯಶೋಧರಾ ಅವರನ್ನು ಮುಂದೆ ನಿಲ್ಲಿಸಿದರು. ಕಪಿಲೆಯ ಸೇತುವೆ ದಾಟಿ ಏರಿನಲ್ಲಿ ಆಕೆ ಒಂದೇ ಸಮ ತುಳಿದರು, ಸೀಟಿಯ ಸದ್ದು ಹಿಂದೆಲ್ಲೋ ಉಳಿಯಿತು. ನಿಯಮದ ಪ್ರಕಾರ ಮಾರನೆಯ ದಿನ ಗಂಗಾಧರಸ್ವಾಮಿ ಮುಂದೆ ಬರಬೇಕಿತ್ತು. ಕ್ಯಾಪ್ಟನ್ನು ಹಿಂದಿದ್ದು ಎಲ್ಲರ ಮೇಲೆ ಕಣ್ಣಿಡಬೇಕೆಂದು ಆ ದಿನ ಹೊಸ ನಿಯಮ ಬಂತು.

ಈ ವಯಸ್ಸಿನಲ್ಲಿ ಇಷ್ಟು ಹಟ ಯಾಕೆ ಎಂದು ಕೇಳಿದಾಗ ಆಕೆ ಕಳಲೆಯ ಮಹದೇವಮ್ಮನ ವಿಷಯ ಹೇಳಿದರು. ಆಸ್ಪತ್ರೆಯಿಂದ ಬರುವ ಬಸ್ಸಿನಲ್ಲಿ ಪರಿಚಯ. ಸೀಟು ಸಿಗದೆ ಕಂಬಿ ಹಿಡಿದು ನಿಂತು, ಕವರಿಗೆ ವಾಂತಿ ಮಾಡಿಕೊಳ್ಳುವ ಮುದುಕಿ. "ಔಸ್ದಿ ತಡ್ಕತೀನಿ ಕಣವ್ವ, ಈ ಬಸ್ಸು ತಡ್ಯಕಾಗಕ್ಕಿಲ್ಲ. ಮುಂದಿನ ಕಿತ ನಾ ಓಗಕ್ಕಿಲ್ಲ" ಎಂದುಬಿಟ್ಟಿದ್ದರಂತೆ. ಗಾಡಿ ಬರದಿದ್ದರೆ ಆಕೆಯ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ.

ಗಾಡಿ ಇದ್ದದ್ದು ತಿ. ನರಸೀಪುರದ ಅಕ್ಕಿ ಗಿರಣಿ ಮಾಲೀಕ ನಂಜೇಶ್ ಬಳಿ. ಒಂದು ಹಳೆಯ ಓಮ್ನಿ. ಹಿಂದೊಮ್ಮೆ ಇಲ್ಲದ ಅನಾಥಾಶ್ರಮಕ್ಕೆ ಅಕ್ಕಿ ಮೂಟೆ ಕೊಟ್ಟು ಮೋಸಹೋಗಿದ್ದ ಅವರು, ಗುಣವಾದ ರೋಗಿಯನ್ನು ಕಣ್ಣಾರೆ ಕಂಡರೆ ಮಾತ್ರ ಗಾಡಿ ಎಂದಿದ್ದರು. ಅದಕ್ಕೇ ನಂಜನಗೂಡಿನಿಂದ ಅವರ ಗಿರಣಿಯವರೆಗೆ ಸೈಕಲ್ ಜಾಥಾ.

ಜಾಥಾದ ಬೆಳಿಗ್ಗೆ ಗಂಗಾಧರಸ್ವಾಮಿ ತೆರೆದ ಜೀಪು ತರಿಸಿದ್ದರು.

"ಮೇಡಂ, ನೀವು ಇದ್ರಲ್ಲಿ ಕೂತ್ಕೊಳಿ. ಹಾರ ಹಾಕ್ತೀವಿ. ಸ್ವಲ್ಪ ಸುಸ್ತಾದಂಗೆ ಒರಗಿ. ನಂಜೇಶು ಅನುಮಾನದ ಪ್ರಾಣಿ. ನೀವು ಅಲ್ಲಿಗೆ ಸೈಕಲ್ ತುಳ್ಕೊಂಡು ಬಂದ್ರೆ ಕಾಯಿಲೆನೇ ಸುಳ್ಳು ಅಂತಾರೆ, ಗಾಡಿ ಹೋಯ್ತು ಅಂತ್ಲೇ ತಿಳ್ಕೊಳಿ."

"ಸುಸ್ತಾದಾಗ ಒರಗಿದ್ದೆ ಸಾ. ಆಗ ಯಾರೂ ಹಾರ ತರ್ಲಿಲ್ಲ."

"ಮಹದೇವಮ್ಮನ ಮುಖ ನೋಡಿಯಾದ್ರೂ ಹತ್ತಿ."

"ಅವ್ರ ಮುಖ ನೋಡೇ ಬ್ಯಾಡ ಅಂತಿರೋದು. ಔಷಧಿ ಮುಗಿಸ್ದೋರೆಲ್ಲ ಹಿಂಗೇ ಒರಗಿರ್ತಾರೆ ಅಂದ್ಕೊಂಡ್ರೆ, ಗಾಡಿ ಬಂದ್ರೂ ಅವ್ರು ಹತ್ತಲ್ಲ."

ಆಕೆ ಹೆಲ್ಮೆಟ್ ಬಿಗಿದುಕೊಂಡು ಹೊರಟೇಬಿಟ್ಟರು. ಜೀಪು ಖಾಲಿ ಹೋಗಬಾರದೆಂದು ನಾನು ಹತ್ತಿದೆ. ನನ್ನ ತಲೆಯಲ್ಲಿ ಕೂದಲಿಲ್ಲ. ಅದು ಹರಕೆಯಿಂದಲೂ ಅಲ್ಲ, ಔಷಧಿಯಿಂದಲೂ ಅಲ್ಲ, ನಮ್ಮ ವಂಶದ ಆಸ್ತಿ. ಬಿಳಿಗೆರೆಯಲ್ಲಿ ಎಲ್ಲರೂ ನೀರು ಕುಡಿಯಲು ನಿಂತಾಗ ರುದ್ರಮ್ಮ ಎಂಬ ಎಳನೀರಿನ ಹೆಂಗಸು ಒಂದು ಕೊಚ್ಚಿ ನೇರ ನನ್ನ ಕೈಗೆ ಕೊಟ್ಟಳು. "ದುಡ್ಡು ಬ್ಯಾಡ ಕಣಪ್ಪ, ಕುಡ್ಕೊ. ಪಾಪ, ಒಟ್ಟೆ ಎಂಗ್ ಊದ್ಕಂಬುಟ್ಟದೆ." ಪಕ್ಕದಲ್ಲಿದ್ದವನಿಗೆ ಯಶೋಧರಾ ಅವರನ್ನು ತೋರಿಸಿ, "ಆಯಮ್ಮಂಗೇನ್ಲಾ, ಮುಡಿ ಕೊಟ್ಟು ಗಟ್ಟಿಯಾಗವ್ಳೆ" ಎಂದಳು. ನಾನು ತಿದ್ದಲು ಬಾಯಿ ತೆರೆದೆ. ಎಳನೀರು ಚೆನ್ನಾಗಿತ್ತು.

ಗಿರಣಿಯ ಅಂಗಳದಲ್ಲಿ ನಂಜೇಶ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಜೀಪಿನಿಂದಿಳಿದ ನನ್ನನ್ನು ಕೈಹಿಡಿದು ಕೂರಿಸಿದರು. ಬರೆಯುವವನೆಂದು ತಿಳಿದ ಮೇಲೆ ಎಬ್ಬಿಸಿದರು. ಗಂಗಾಧರಸ್ವಾಮಿ ಇನ್ನೂ ಬಂದಿರಲಿಲ್ಲ. ಯಶೋಧರಾ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, ಸೆರಗಿಲ್ಲದ ಚೂಡಿದಾರದ ತೋಳಿನಲ್ಲೇ ಬೆವರು ಒರೆಸಿಕೊಂಡರು. ನಂಜೇಶ್ ಆಕೆಯ ತಲೆಯ ಮೇಲಿನ ಮೋಟು ಕೂದಲನ್ನು, ಸೈಕಲ್ಲನ್ನು, ಮತ್ತೆ ತಲೆಯನ್ನು ನೋಡಿದರು. ಓಮ್ನಿಯ ಬೀಗದಕೈ ಮರುವಾರ ನಂಜನಗೂಡಿಗೆ ಬಂತು. ಅದು ಬಂದದ್ದು ಆಗ ಆಕೆ ಕೊಟ್ಟ ಉತ್ತರಕ್ಕೇ ಎಂದು ನನ್ನ ಗುಮಾನಿ.

"ಅಲ್ಲಮ್ಮ, ಇಷ್ಟು ದೂರ ಸೈಕಲ್ ತುಳಿಯೋರಿಗೆ ನಾನ್ಯಾಕೆ ಗಾಡಿ ಕೊಡ್ಬೇಕು?" ಎಂದು ಕೇಳಿದರು ನಂಜೇಶ್.

"ಗಾಡಿ ಸೈಕಲ್ ತುಳಿಯಕ್ಕಾಗ್ದೋರಿಗೆ ಸಾ. ನಂಗೆ ಸೈಕಲ್ ಐತೆ."